ಎಡಗಡೆಯ ಬಾಬ್ತು

ಮಾರ್ಚ್ ೩, ಮಂಗಳವಾರ

ಮೊದಲು ಖರ್ಚು ಬರೆದುಬಿಡುತ್ತೇನೆ. ಖರ್ಚು ಎಷ್ಟೆಂದು ಗೊತ್ತಿಲ್ಲದೆ ಅಳುವುದು ದಡ್ಡರ ಲಕ್ಷಣ.

ಕೂದಲು: ಅರ್ಧ ತಲೆ. ಹಳೆಯ ಬಿಳಿ ಕಾರು: ಒಂದು, ಆಸ್ಪತ್ರೆಯ ಬಿಲ್ಲಿಗೆ ಮಾರಿದ್ದು. ಆಸ್ಪತ್ರೆಯಲ್ಲಿ ಮಲಗಿದ್ದು: ಐದು ವಾರ. ಅದರಲ್ಲಿ ಎರಡು ನನ್ನ ನೆನಪಿನಲ್ಲೇ ಇಲ್ಲ, ಆದ್ದರಿಂದ ಮೂರಕ್ಕೆ ಮಾತ್ರ ನಾನು ಹೊಣೆ. ಮಾತಿನ ನಡುವೆ ಕೈಕೊಡುವ ಪದಗಳು: ದಿನಕ್ಕೊಂದು ಹಿಡಿ. ತಾಳ್ಮೆ: ಪೂರ್ತಿ ಹೋಯಿತು ಎನ್ನುತ್ತಾರೆ. ಮೊದಲೂ ಹೆಚ್ಚಿರಲಿಲ್ಲ, ನಷ್ಟ ಅಲ್ಪ. ಎಡಗಡೆ: ಒಂದು, ಸಂಪೂರ್ಣ.

ಈ ಕೊನೆಯ ಬಾಬ್ತು ಡಾಕ್ಟರು ಬರೆಸಿದ್ದು. ನಾನು ಒಪ್ಪಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿರುವುದರಿಂದ ನನ್ನ ಎಡಗಡೆ ಏನಿದ್ದರೂ ನನ್ನ ಗಮನಕ್ಕೆ ಬರುವುದಿಲ್ಲವಂತೆ. ಕಣ್ಣು ಸರಿಯಾಗಿದೆಯಂತೆ, ಕಣ್ಣು ತಂದ ಸುದ್ದಿಯನ್ನು ಮಿದುಳು ತೆಗೆದುಕೊಳ್ಳುವುದಿಲ್ಲವಂತೆ. "ಕಾಣ್ತಿಲ್ಲ ಅನ್ನೋದೂ ನಿಮಗೆ ಗೊತ್ತಾಗಲ್ಲಮ್ಮ" ಎಂದರು. ಇದೊಳ್ಳೆ ಕಥೆ. ಪರ್ಸಿನಿಂದ ಒಂದು ನಾಣ್ಯ ಹೋದರೆ ನನಗೆ ಗೊತ್ತಾಗುತ್ತದೆ. ಅರ್ಧ ಪ್ರಪಂಚ ಹೋದರೆ ಗೊತ್ತಾಗುವುದಿಲ್ಲವೆ?

ಆದದ್ದು ಹೇಗೆಂದು ಬರೆಯಲು ನಾಚಿಕೆ. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಶಾಲೆ ನಡೆಸಿದವಳು ನಾನು. ಕ್ಲಚ್ಚು ಯಾವುದು, ಬ್ರೇಕು ಯಾವುದು ಗೊತ್ತಿಲ್ಲದವರ ಪಕ್ಕ ದಿನವಿಡೀ ಕೂತು ಮೈಗೆ ಒಂದು ಗೀರೂ ಬೀಳದೆ ಮನೆಗೆ ಬಂದವಳು. ಊರಿನವರು ಬ್ರೇಕಮ್ಮ ಎಂದೇ ಕರೆಯುತ್ತಾರೆ. ಅಂಥವಳು ಬಿದ್ದದ್ದು ಶಾಲೆಯ ಆಫೀಸಿನಲ್ಲಿ, ಟ್ಯೂಬ್‌ಲೈಟ್ ಬದಲಾಯಿಸಲು ಹತ್ತಿದ ಸ್ಟೂಲಿನಿಂದ. ನಿಂತಲ್ಲೇ ನಿಂತಿದ್ದ ಸ್ಟೂಲು. ಅದಕ್ಕೆ ಎಂಜಿನ್ನೂ ಇಲ್ಲ.

ಮಾರ್ಚ್ ೫, ಗುರುವಾರ

ಈ ಮನೆಯಲ್ಲಿ ನನಗೆ ಅರ್ಧ ಊಟ ಹಾಕುತ್ತಿದ್ದಾರೆ. ಬಂದಾಗಿನಿಂದ ಗಮನಿಸುತ್ತಿದ್ದೇನೆ. ಇವತ್ತು ಮಧ್ಯಾಹ್ನ ತಟ್ಟೆಯಲ್ಲಿ ಆಲೂಗಡ್ಡೆ ಇತ್ತು, ಬಟಾಣಿ ಇರಲಿಲ್ಲ. ಬಟಾಣಿ ಬೇಯುವ ವಾಸನೆ ಮಾತ್ರ ಬೆಳಿಗ್ಗೆಯಿಂದ ಬಂದಿತ್ತು.

"ರೀ, ಬಟಾಣಿ ಯಾರಿಗೆ ಎತ್ತಿಟ್ಟಿದ್ದೀರಿ? ಅಂಗಡಿ ಗಿರಾಕಿಗಳಿಗಾ?"

ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುವವರು. ಒಂದು ಮಾತು ಹೊರಡಿಸಲು ಎರಡು ನಿಮಿಷ ತೆಗೆದುಕೊಳ್ಳುತ್ತಾರೆ. ಕೈ ಚಾಚಿ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಬಟಾಣಿ ಬಂತು.

"ಎಲ್ಲಿಂದ ಬಂತು ಇದು?"

"ಅಲ್ಲೇ ಇತ್ತು."

"ನನ್ನ ಹತ್ರ ಕೈಚಳಕ ಬೇಡ."

"ತಿನ್ನೇ."

ತಿಂದೆ. ಆದರೆ ಅನುಮಾನ ಹೋಗಿಲ್ಲ.

ಮಾರ್ಚ್ ೧೪, ಶನಿವಾರ

ಥೆರಪಿಯ ಹುಡುಗಿ ನನ್ನನ್ನು ಆಂಟಿ ಎನ್ನುತ್ತಾಳೆ. ಒಂದು ಹಾಳೆ ಕೊಟ್ಟು, "ಆಂಟಿ, ಒಂದು ಗಡಿಯಾರದ ಚಿತ್ರ ಬರೀರಿ" ಎಂದಳು. ಗಡಿಯಾರದವರ ಹೆಂಡತಿಗೆ! ಬರೆದು ಬಿಸಾಕಿದೆ. ನೋಡಿ, "ತುಂಬಾ ಒಳ್ಳೆ ಪ್ರಯತ್ನ" ಎಂದಳು. ಈ ಧಾಟಿ ನನಗೆ ಗೊತ್ತು. ಕಂಬಕ್ಕೆ ಗುದ್ದಿದವರಿಗೆ ನಾನೂ ಇದನ್ನೇ ಹೇಳುತ್ತಿದ್ದೆ.

ಹೊರಗೆ ಬಂದು ಮನೆಯವರಿಗೆ ತೋರಿಸಿದೆ. ಭೂತಗನ್ನಡಿ ಇಲ್ಲದೆಯೇ ಬಹಳ ಹೊತ್ತು ನೋಡಿದರು.

"ಏನ್ರೀ, ಹನ್ನೆರಡೂ ಇದೆ ತಾನೆ?"

"ಹನ್ನೆರಡೂ ಇದೆ."

"ಮತ್ತೇನು?"

"ಎಲ್ಲಾ ಒಂದೇ ಕಡೆ ಕೂತಿವೆ. ಬಸ್ಸಲ್ಲಿ ನೆರಳಿರೋ ಕಡೆ ಜನ ಕೂರೋ ಹಾಗೆ."

ಮೂವತ್ತು ವರ್ಷದ ಸಂಸಾರದಲ್ಲಿ ಇವರು ಹೇಳಿದ ಮೊದಲ ಜೋಕು. ಹೇಳಿ ಮುಖ ಆಚೆ ತಿರುಗಿಸಿಕೊಂಡರು. ನಾನು ನಗಲಿಲ್ಲ. ಹಾಳೆ ಚಿಕ್ಕದಿತ್ತು, ಅಷ್ಟೇ.

ಮಾರ್ಚ್ ೨೯, ಭಾನುವಾರ

ತಂಗಿ ಬಂದಿದ್ದಳು. ನಾನು ಬಿದ್ದ ಮೇಲೆ ಶಾಲೆ ಅವಳ ಕೈಯಲ್ಲಿದೆ. ಅವಳಿಗೆ ಕಾರು ಕಲಿಸಿದವಳು ನಾನು, ಕೆಲಸ ಕೊಟ್ಟವಳು ನಾನು. ಈಗ ಉಸ್ತುವಾರಿ ಮಹಾರಾಣಿ ನನ್ನ ಕುರ್ಚಿಯಲ್ಲಿ ಕೂರುತ್ತಾಳಂತೆ. ಕುರ್ಚಿಯ ಎತ್ತರವನ್ನೂ ಬದಲಾಯಿಸಿದ್ದಾಳಂತೆ.

"ಅಕ್ಕ, ಜುಲೈ ಕೊನೆಗೆ ಶಾಲೆ ಪರವಾನಗಿ ಮುಗಿಯುತ್ತೆ."

"ಗೊತ್ತು. ಅದರಲ್ಲಿರೋದು ನನ್ನ ಹೆಸರು."

"ಅದಕ್ಕೇ ಹೇಳ್ತಿರೋದು. ತಲೆಗೆ ಪೆಟ್ಟಾದವರ ಹೆಸರಲ್ಲಿದ್ರೆ ಅವರು ಇನ್ಸ್‌ಪೆಕ್ಟರ್ ಮುಂದೆ ರಸ್ತೇಲಿ ಓಡಿಸಿ ತೋರಿಸ್ಬೇಕಂತೆ."

"ತೋರಿಸ್ತೀನಿ."

"ಅಥವಾ ನೀನು ರುಜು ಹಾಕಿ ನನ್ನ ಹೆಸರಿಗೆ..."

ಓಹೋ, ಬೆಣ್ಣೆಯೊಳಗಿನ ಕೂದಲು ಈಗ ಹೊರಬಂತು ಎಂದುಕೊಂಡೆ.

"ನಾನಿನ್ನೂ ಸತ್ತಿಲ್ಲ ಕಣೇ."

"ಅಕ್ಕ, ನೀನು ಬಾಗಿಲಿಗೆ ಗುದ್ದಿಕೊಂಡೇ ಒಳಗೆ ಬರ್ತೀಯ. ಎಡಭುಜ ನೋಡ್ಕೋ, ನೀಲಿಯಾಗಿದೆ."

"ಬಾಗಿಲು ಕಿರಿದು."

"ಈ ಬಾಗಿಲಲ್ಲಿ ಬೀರು ಒಳಗೆ ಬಂದಿದೆ!"

ಕೈಯಲ್ಲಿದ್ದ ಲೋಟ ಎಸೆದೆ. ಅವಳಿಗೆ ತಗುಲಲಿಲ್ಲ. ಅವಳು ಪಕ್ಕಕ್ಕೆ ಸರಿದಳು, ಸರಿದವಳು ಎಲ್ಲಿ ಹೋದಳೋ ತಿಳಿಯಲಿಲ್ಲ. ಕೋಣೆಯಲ್ಲಿ ಅವಳು ಇರಲೇ ಇಲ್ಲ. ಅಳು ಮಾತ್ರ ಕೇಳಿಸುತ್ತಿತ್ತು, ತೀರಾ ಹತ್ತಿರದಿಂದ.

ಮಾರ್ಚ್ ೩೦, ಸೋಮವಾರ

ಕನ್ನಡಿಯಲ್ಲಿ ಭುಜ ನೋಡಿಕೊಂಡೆ. ನೀಲಿ ಅಲ್ಲ. ಹಸಿರು.

ಏಪ್ರಿಲ್ ೭, ಮಂಗಳವಾರ

ಥೆರಪಿಯ ಹುಡುಗಿ ಪುಸ್ತಕದ ಪುಟಗಳ ಎಡ ಅಂಚಿಗೆಲ್ಲ ಕೆಂಪು ಟೇಪು ಅಂಟಿಸಿದ್ದಾಳೆ. ಓದುವಾಗ ಟೇಪು ಕಾಣುವ ತನಕ ಎಡಕ್ಕೆ ಹೋಗಬೇಕು, ಅಲ್ಲಿಂದ ಸಾಲು ಶುರು. ನಡೆಯುವಾಗ ಗದ್ದ ಎಡಭುಜಕ್ಕೆ ತಾಗುವ ತನಕ ಕತ್ತು ತಿರುಗಿಸಬೇಕು. ತಾನಾಗಿ ಬರುವುದಿಲ್ಲವಂತೆ, ಪ್ರತಿ ಸಲವೂ ನಾನೇ ಹೋಗಿ ಎಡಗಡೆಯನ್ನು ಕರೆದುಕೊಂಡು ಬರಬೇಕಂತೆ. ಮದುವೆಗೆ ಮುನಿಸಿಕೊಂಡ ಚಿಕ್ಕಪ್ಪನನ್ನು ಕರೆದ ಹಾಗೆ.

ಮಧ್ಯಾಹ್ನ ಪೆಟ್ಟು ತಿಂದವರ ಗುಂಪಿನ ಸಭೆ. ಎಂಟು ಜನ, ಎಂಟು ಬಗೆಯ ತಲೆ. ನಡೆಸುವವರು "ಹಳೆಯ ನಿಮ್ಮನ್ನು ಬೀಳ್ಕೊಡಿ, ಹೊಸ ನಿಮ್ಮನ್ನು ಒಪ್ಪಿಕೊಳ್ಳಿ" ಎಂದರು. ನಾನು ಕೈ ಎತ್ತಿದೆ.

"ಹಳೆಯವಳ ಹತ್ತಿರ ನನ್ನ ಶಾಲೆಯ ಬೀಗದ ಕೈ ಇದೆ. ಅದನ್ನ ಕೊಡೋವರೆಗೂ ಅವಳನ್ನ ಕಳಿಸೋದಿಲ್ಲ."

ಒಬ್ಬರು ನಕ್ಕರು. ಮೆಟ್ಟಿಲಿಂದ ಬಿದ್ದು, ಆರು ತಿಂಗಳಿಂದ ಹೆಂಡತಿಯ ಹೆಸರನ್ನು ಹುಡುಕುತ್ತಿರುವ ಮನುಷ್ಯ. ಅವರ ಹೆಂಡತಿಯೂ ನಕ್ಕಳು. ಉಳಿದವರು ನನ್ನನ್ನು ಕರುಣೆಯಿಂದ ನೋಡಿದರು. ನೋಡಲಿ, ಕರುಣೆಗೆ ತೆರಿಗೆಯಿಲ್ಲ.

ಏಪ್ರಿಲ್ ೧೯, ಭಾನುವಾರ

ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ನನ್ನ ಕಾಲು ನೆಲವನ್ನು ತುಳಿಯುತ್ತಲೇ ಇತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಅಮ್ಮಾ, ಅಲ್ಲಿ ಏನೂ ಇಲ್ಲ, ಮ್ಯಾಟು ಹರಿದುಹೋಗುತ್ತೆ" ಎಂದ.

ಇಪ್ಪತ್ತೆರಡು ವರ್ಷದ ಚಾಳಿ. ನಮ್ಮ ಶಾಲೆಯ ಕಾರುಗಳಲ್ಲಿ ಎಡಗಡೆ, ಕಲಿಸುವವರ ಕಾಲ ಬಳಿ, ಇನ್ನೊಂದು ಬ್ರೇಕಿದೆ. ನಾವದನ್ನು ಕಳ್ಳ ಬ್ರೇಕು ಎನ್ನುತ್ತೇವೆ. ಹೊಸಬರಿಗೆ ಮೊದಲ ದಿನಗಳಲ್ಲಿ ಧೈರ್ಯ ಮುರಿಯಬಾರದು. ಅವರು ಗೋಡೆಯ ಕಡೆ ಹೋದಾಗ ಸದ್ದಿಲ್ಲದೆ ಕಳ್ಳ ಬ್ರೇಕು ತುಳಿದು, "ಭಲೇ, ಸರಿಯಾದ ಹೊತ್ತಿಗೆ ತುಳಿದ್ರಿ" ಎನ್ನುತ್ತೇವೆ. ಅವರು ಮೀಸೆ ತಿರುವುತ್ತಾರೆ. ಕಲಿಯುವವನಿಗೆ ಯಾವಾಗಲೂ ತುಳಿದವನು ತಾನೇ ಎಂದು ಅನಿಸುತ್ತದೆ. ಈ ಒಂದು ಭ್ರಮೆಯ ಮೇಲೆ ನಾನು ಮನೆ ಕಟ್ಟಿದ್ದೇನೆ.

ಹೊಗಳಿಕೆ ಬಿಟ್ಟಿ, ಬ್ರೇಕ್ ಲೈನಿಂಗಿಗೆ ಮಾತ್ರ ದುಡ್ಡು.

ಮೇ ೨, ಶನಿವಾರ

ಓಡಿಸಿದೆ! ಮುಚ್ಚಿದ ಗಿರಣಿಯ ಹಿಂದೆ ನಾವು ಕಲಿಸುವ ಮೈದಾನವಿದೆ. ಸುತ್ತಲೂ ಗೋಡೆ, ಒಳಗೆ ರಸ್ತೆಯಂತೆ ಗೆರೆ, ತಿರುವುಗಳಲ್ಲಿ ಹಳೆಯ ಡ್ರಮ್ಮುಗಳು. ತಂಗಿ ಬೇಡವೆಂದಳು, ಅತ್ತಳು, ಕೊನೆಗೆ ಪಕ್ಕದಲ್ಲಿ ಕೂತಳು. ನಾನು ಸ್ಟೇರಿಂಗ್ ಹಿಡಿದೆ. ಕೈಗಳಿಗೆ ಎಲ್ಲ ನೆನಪಿತ್ತು. ಮೂರು ಸುತ್ತು, ಒಂದು ಡ್ರಮ್ಮಿಗೂ ತಾಗಲಿಲ್ಲ.

"ನೋಡಿದೆಯೇನೇ?"

"ನೋಡಿದೆ ಅಕ್ಕ. ಸರಿಯಾದ ಹೊತ್ತಿಗೆ ತುಳಿದೆ."

ಎಡಗಡೆ ಇಲ್ಲವಂತೆ! ಡಾಕ್ಟರನ್ನು ಕರೆತಂದು ಬಾನೆಟ್ ಮೇಲೆ ಕೂರಿಸಿ ಓಡಿಸಬೇಕು.

ಮೇ ೧೮, ಸೋಮವಾರ

ಈಗ ವಾರಕ್ಕೆ ಮೂರು ದಿನ ಓಡಿಸುತ್ತೇನೆ. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತ ಲೆಕ್ಕದ ಮೇಷ್ಟ್ರು ಕೂರುತ್ತಾರೆ. ನಿವೃತ್ತರಾದ ಮೇಲೆ ಕಾರು ಕಲಿಯಲು ಬಂದವರು. ಪರೀಕ್ಷೆಯಲ್ಲಿ ನಾಲ್ಕು ಸಲ ಡುಮ್ಕಿ. ಸುಳ್ಳು ಹೇಳಲೂ ಬರುವುದಿಲ್ಲ, ರಿವರ್ಸ್ ಹಾಕಲೂ ಬರುವುದಿಲ್ಲ.

ತಂಗಿಗೆ ಹೇಳಿದೆ: "ಜುಲೈನಲ್ಲಿ ನಾನು ಪಾಸಾಗ್ತೀನಿ. ನನ್ನ ಕುರ್ಚಿ ಮೊದಲಿನ ಎತ್ತರಕ್ಕೆ ಇಟ್ಟಿರು."

ಅವಳು ಕಾರಿನ ಕನ್ನಡಿ ಒರೆಸತೊಡಗಿದಳು. ಹೊಟ್ಟೆಕಿಚ್ಚಿಗೆ ಔಷಧಿಯಿಲ್ಲ.

ಮೇ ೨೩, ಶನಿವಾರ

ಇದನ್ನೂ ಬರೆಯುತ್ತೇನೆ.

ಸುತ್ತು ಮುಗಿಸಿ ಕಾರು ನಿಲ್ಲಿಸಿದೆ. ಮೇಷ್ಟ್ರು ಹಿಂದಿನಿಂದ ಕೆಮ್ಮಿದರು.

"ಅಮ್ಮಾ, ಒಂದು ಸಂದೇಹ. ಇಬ್ಬರು ಬ್ರೇಕ್ ಹಾಕಿದ್ರೆ ಅದು ಇಬ್ಬರಿಗೂ ಅರ್ಧರ್ಧ ಸೇರುತ್ತೋ?"

"ಇಬ್ಬರು ಯಾರು ಮೇಷ್ಟ್ರೆ?"

"ಅಲ್ಲ, ತಂಗಿಯವರು ಹೊಲಿಗೆ ಮಿಷನ್ ತುಳಿದ ಹಾಗೆ ತುಳೀತಾನೇ ಇದ್ರಲ್ಲ, ಅದಕ್ಕೆ ಕೇಳಿದೆ."

ನಾನು ಕತ್ತು ತಿರುಗಿಸಿದೆ, ಗದ್ದ ಭುಜಕ್ಕೆ ತಾಗುವವರೆಗೂ ತಿರುಗಿಸಿದೆ. ತಂಗಿ ಅಲ್ಲಿದ್ದಳು. ಬೆವೆತಿದ್ದಳು. ಕಾಲು ಇನ್ನೂ ಕಳ್ಳ ಬ್ರೇಕಿನ ಮೇಲೇ ಇತ್ತು. ಇಷ್ಟು ದಿನ ಅವಳು ನನ್ನ ಪಕ್ಕದಲ್ಲಿ ಕೂತಿದ್ದರೂ ಅವಳ ಕಾಲನ್ನು ನಾನು ಒಂದು ಸಲವೂ ನೋಡಿರಲಿಲ್ಲ.

"ಯಾವಾಗಿಂದ?"

"ಮೊದಲ ದಿನದಿಂದ."

"ಯಾಕೆ?"

"ನೀನೇ ಹೇಳಿಕೊಟ್ಟಿದ್ದಲ್ವಾ ಅಕ್ಕ. ಹೊಸಬರ ಧೈರ್ಯ ಮುರೀಬಾರದು ಅಂತ."

"ನಾನು ಹೊಸಬಳೇನೇ?"

ಮೇಷ್ಟ್ರು ಬಾಗಿಲು ತೆಗೆದು ಇಳಿದು, ಗೋಡೆಯ ಕಡೆ ಮುಖ ಮಾಡಿ ನಿಂತರು, ತರಗತಿಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ.

ನಡೆದೇ ಮನೆಗೆ ಬಂದೆ. ದಾರಿಯಲ್ಲಿ ಎರಡು ಸಲ ಗುದ್ದಿಕೊಂಡೆ. ಏನಕ್ಕೆ ಎಂದು ತಿರುಗಿ ನೋಡಲಿಲ್ಲ.

ಮೇ ೨೪, ಭಾನುವಾರ

ಏಳಲಿಲ್ಲ.

ಮೇ ೨೫, ಸೋಮವಾರ

ಮನೆಯವರು ಟೀ ತಂದು ಮಂಚದ ಅಂಚಿನಲ್ಲಿ ಕೂತರು.

"ಇಡೀ ಊರು ಸೇರಿ ನನ್ನನ್ನ ಮಂಗ ಮಾಡ್ತು" ಎಂದೆ. "ನಿಮಗೂ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಹೇಳ್ಬೇಕು ಅನಿಸಲಿಲ್ವಾ?"

ಎರಡು ನಿಮಿಷ ಆಯಿತು. "ನಾವೆಲ್ಲ ಹೇಳಿದ್ವಿ ಕಣೇ. ಬಟಾಣಿ ಹೇಳ್ತು, ಬಾಗಿಲು ಹೇಳ್ತು. ಹಿಂದೆ ಬಿದ್ದ ಗಡಿಯಾರಕ್ಕೆ ತಾನು ಹಿಂದೆ ಬಿದ್ದಿರೋದು ಗೊತ್ತಾಗಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟು ನೋಡ್ಬೇಕು."

ಅಪರೂಪಕ್ಕೆ ಮಾತಾಡುವವರಿಗೆ ಇದೊಂದು ಅನುಕೂಲ, ಆಡಿದ್ದೆಲ್ಲ ಗಾದೆಯಂತೆ ಕೇಳಿಸುತ್ತದೆ. ಸಿಟ್ಟು ಬಂತು. ಟೀ ಕುಡಿದೆ. ಆಮೇಲೆ ಎದ್ದು ಕೂತು ಲೆಕ್ಕ ಹಾಕಿದೆ: ನಾನು ಮೂರು ವಾರ ಓಡಿಸಿದ್ದು ಕಾರನ್ನಲ್ಲ, ತಂಗಿಯ ಕಾಲನ್ನು. ಹಾಗಾದರೆ ನನ್ನದೇ ಆದ ಓಟ ಎಷ್ಟು? ಅದು ಯಾರಿಗೂ ಗೊತ್ತಿಲ್ಲ. ನನಗಂತೂ ಗೊತ್ತೇ ಇಲ್ಲ.

ಗೊತ್ತಾಗಬೇಕು.

ಮೇ ೨೭, ಬುಧವಾರ

ಕಳ್ಳ ಬ್ರೇಕಿಗೆ ಒಂದು ಬಜರ್ ಇರುತ್ತದೆ. ಪಕ್ಕದವರು ತುಳಿದರೆ ಕಿರ್ರೆಂದು ಕೂಗುತ್ತದೆ. ಪರೀಕ್ಷೆಯ ದಿನ ಜೋಡಿಸಲೇಬೇಕು, ಕೂಗಿದರೆ ಫೇಲು. ಕಲಿಸುವಾಗ ನಾವೇ ಅದರ ತಂತಿ ಕಿತ್ತಿಡುತ್ತೇವೆ. ಇವತ್ತು ಮೈದಾನಕ್ಕೆ ಹೋಗಿ ತಂಗಿಗೆ ಹೇಳಿದೆ:

"ತಂತಿ ಜೋಡಿಸು."

"ಅಕ್ಕ, ಕೇಳೋಕಾಗಲ್ಲ ಆ ಸದ್ದು. ನಿನಗೆ ಸದ್ದಾದ್ರೆ ತಲೆ ಸಿಡಿಯುತ್ತೆ."

"ಸಿಡೀಲಿ. ಹೇಗೂ ಒಂದ್ಸಲ ಒಡೆದಿದೆ."

ಜೋಡಿಸಿದಳು. ಎರಡು ಸುತ್ತು ಹೊಡೆದೆ. ಕೂಗಿದ್ದನ್ನು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ. ನಮ್ಮತ್ತೆ ಬದುಕಿದ್ದಾಗಲೂ ಒಂದೇ ದಿನ ಇಷ್ಟು ಕೂಗಿದವರಲ್ಲ. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮಲಗಿದೆ. ಅತ್ತುಬಿಟ್ಟೆ. ನಾಳೆ ಮತ್ತೆ ಹೋಗುತ್ತೇನೆ. ಬಜರಿಗೆ ನಾನು ಹೆದರುವುದಾದರೆ ಇಷ್ಟು ವರ್ಷ ಹಾರ್ನುಗಳ ನಡುವೆ ಬದುಕಿದ್ದು ದಂಡ.

ಜೂನ್ ೬, ಶನಿವಾರ

ಹೊಸ ಕ್ರಮ ಮಾಡಿದ್ದೇನೆ. ಬಜರ್ ಕೂಗಿದ ಕೂಡಲೇ ಕಾರು ನಿಲ್ಲಬೇಕು. ನಾನು "ಏನಿತ್ತು?" ಎನ್ನಬೇಕು. ತಂಗಿ ಸುಳ್ಳು ಸೇರಿಸದೆ ಹೇಳಬೇಕು. ಆಮೇಲೆ ನಾನು ಕತ್ತು ತಿರುಗಿಸಿ ಅದನ್ನು ಹುಡುಕಿ ಕಂಡುಹಿಡಿಯಬೇಕು. ಸಿಗುವ ತನಕ ಗಾಡಿ ಮುಂದೆ ಹೋಗಕೂಡದು.

ಈ ವಾರ ನನಗೆ ಗೊತ್ತಿಲ್ಲದೆ ಪ್ರಪಂಚದಲ್ಲಿ ಇದ್ದವು: ಒಂದು ಕಂದು ನಾಯಿ. ಡ್ರಮ್ಮುಗಳು. ಇಟ್ಟಿಗೆಯ ರಾಶಿ. ಗೋಡೆ (ಇಡೀ ಗೋಡೆ!). ಮತ್ತು ಮೇಷ್ಟ್ರು.

"ಮೇಷ್ಟ್ರು ಅಲ್ಲೇನು ಮಾಡ್ತಿದ್ರು?"

"ನಿಮಗೆ ಅಭ್ಯಾಸಕ್ಕೆ ಒಬ್ಬ ಪಾದಚಾರಿ ಬೇಕು ಅಂತ ನಾನೇ ನಿಂತೆ ಅಮ್ಮಾ" ಎಂದರು ಅವರೇ, ಬೆವರೊರೆಸಿಕೊಳ್ಳುತ್ತ.

"ನಿಮಗೇನು ತಲೆ ಕೆಟ್ಟಿದೆಯಾ?"

"ನಾಲ್ಕು ಸಲ ಫೇಲಾದವನ ಜೀವಕ್ಕೆ ಬೆಲೆ ಎಲ್ಲಿ ಅಮ್ಮಾ?"

ತಂಗಿ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದು ನಕ್ಕಳು. ಅವಳು ನಕ್ಕದ್ದು ನಾನು ಬಿದ್ದ ಜನವರಿಯ ನಂತರ ಇದೇ ಮೊದಲು ಎಂದು ಕಾಣುತ್ತದೆ. ನನಗೂ ನಗು ಬಂತು, ಆದರೆ ಕರ್ತವ್ಯದ ಮೇಲಿದ್ದೆ.

ಜೂನ್ ೨೪, ಬುಧವಾರ

ಬಜರ್ ಈಗ ಸುತ್ತಿಗೊಮ್ಮೆ ಕೂಗುತ್ತದೆ, ಕೆಲವು ಸುತ್ತಿನಲ್ಲಿ ಕೂಗುವುದೇ ಇಲ್ಲ. ನಾನು ಮಾತಾಡುತ್ತ ಓಡಿಸಿದರೆ ಕೂಗುತ್ತದೆ. ಬಾಯಿಮುಚ್ಚಿ, ಪ್ರತಿ ತಿರುವಿನಲ್ಲಿ ಗದ್ದವನ್ನು ಭುಜಕ್ಕೆ ತಾಗಿಸಿದರೆ ಕೂಗುವುದಿಲ್ಲ. ಇಡೀ ಪ್ರಪಂಚ ಸೇರಿ ನನ್ನ ಬಾಯಿ ಮುಚ್ಚಿಸಲು ಆಗಿರಲಿಲ್ಲ, ಒಂದು ತಂತಿ ಮಾಡಿತು. ಮಧ್ಯಾಹ್ನದ ಹೊತ್ತಿಗೆ ತಲೆ ಖಾಲಿ ಬಕೆಟ್ಟಿನಂತಾಗುತ್ತದೆ. ಆಗ ಹಿಂದಿನ ಸೀಟಿನಲ್ಲಿ ಒರಗಿಕೊಂಡು, ಕಲಿಯುವವರು ಓಡಿಸುವುದನ್ನು ನೋಡುತ್ತೇನೆ.

ನೋಡಿದರೆ ಆಶ್ಚರ್ಯ. ಇವರಿಗೆಲ್ಲ ಎರಡು ಕಡೆಯೂ ಇದೆ, ಆದರೆ ಒಬ್ಬರೂ ಎಡಕ್ಕೆ ನೋಡುವುದಿಲ್ಲ! ನನಗೆ ಕಾಣದೆ ಇರುವುದಕ್ಕೆ ಡಾಕ್ಟರ ಚೀಟಿಯಿದೆ. ಇವರಿಗೇನು ದಾಡಿ?

"ಗದ್ದ!" ಎಂದು ಹಿಂದಿನಿಂದ ಕಿರುಚುತ್ತೇನೆ. "ಗದ್ದ ಭುಜಕ್ಕೆ ತಾಗ್ಬೇಕು!"

"ಕತ್ತು ನೋಯುತ್ತೆ ಅಮ್ಮಾ" ಎಂದರು ಮೇಷ್ಟ್ರು.

"ಕತ್ತು ನೋಯೋದು ಒಳ್ಳೇದಾ, ಕೋರ್ಟಿಗೆ ಅಲೆಯೋದು ಒಳ್ಳೇದಾ?"

"ಲೆಕ್ಕ ಸರಿ" ಎಂದು ತಿರುಗಿಸಿದರು.

ಜುಲೈ ೯, ಗುರುವಾರ

ಮೇಷ್ಟ್ರು ಪಾಸು! ಐದನೆಯ ಪ್ರಯತ್ನ. "ಇಷ್ಟು ಎಡಗಡೆ ನೋಡೋ ಮನುಷ್ಯನನ್ನ ನಾನು ನೋಡೇ ಇಲ್ಲ" ಎಂದರಂತೆ ಇನ್ಸ್‌ಪೆಕ್ಟರು. ಸಿಹಿ ಹಂಚಲು ಬಂದವರು ಆನಂದದಲ್ಲಿ ನಮ್ಮ ಗೇಟಿನಿಂದ ಕಾರು ಹಿಂದಕ್ಕೆ ತೆಗೆಯುವಾಗ ಹೂಕುಂಡ ಒಡೆದರು. ಕುಂಡ ಅವರ ಬಲಕ್ಕಿತ್ತು. ಎಲ್ಲಾ ಕಡೆಗೂ ನಾನೇ ಹೊಣೆಯೆ?

ಸಂಜೆ ಮನೆಯವರು ಮೇಜಿನ ಮೇಲೆ ಸಣ್ಣ ಸ್ಕ್ರೂ ಬೀಳಿಸಿಕೊಂಡು ತಡಕಾಡುತ್ತಿದ್ದರು. "ಅಲ್ಲೇ ಇದೆಯಲ್ರೀ, ಲೋಟದ ಎಡಕ್ಕೆ" ಎಂದು ಎತ್ತಿಕೊಟ್ಟೆ. ಅವರು ಸ್ಕ್ರೂ ತೆಗೆದುಕೊಳ್ಳದೆ ನನ್ನನ್ನೇ ನೋಡುತ್ತ ಕೂತರು. ವಯಸ್ಸಾಗುತ್ತಿದೆ ಇವರಿಗೆ, ಕಣ್ಣ ಮುಂದಿನದು ಕಾಣುವುದಿಲ್ಲ.

ಜುಲೈ ೨೭, ಸೋಮವಾರ

ಪರೀಕ್ಷೆ.

ಇನ್ಸ್‌ಪೆಕ್ಟರು ನನ್ನ ಹಳೆಯ ಶಿಷ್ಯ. ಕಾರಿನ ಹತ್ತಿರ ಬಂದು ಕೈಮುಗಿದರು. ತಂಗಿ ಹಿಂದೆ ಕೂತಳು, ಇನ್ಸ್‌ಪೆಕ್ಟರು ಕಳ್ಳ ಬ್ರೇಕಿನ ಸೀಟಿನಲ್ಲಿ. ನಾನು ಬಜರಿನ ತಂತಿ ಹಿಡಿದೆ.

"ಬಿಡಿ ಮೇಡಂ, ನಿಮಗೆಲ್ಲಾ ಅದ್ಯಾಕೆ? ಒಂದು ಸುತ್ತು ಹೋಗಿ ಬಂದ್ಬಿಡೋಣ. ನಾನು ಬರೆದುಕೊಡ್ತೀನಿ."

ಆ ಒಂದು ಕ್ಷಣ ಚೆನ್ನಾಗಿ ನೆನಪಿದೆ. ತಂತಿ ನನ್ನ ಕೈಯಲ್ಲಿತ್ತು. ಬಿಟ್ಟಿದ್ದರೆ ಶಾಲೆ ನನ್ನ ಹೆಸರಿನಲ್ಲೇ ಉಳಿಯುತ್ತಿತ್ತು. ತಂಗಿಯೂ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ.

"ಸಾಹೇಬ್ರೆ, ನಿಮ್ಮ ಪರೀಕ್ಷೆ ದಿನ ನಾನು ತಂತಿ ಕಿತ್ತಿದ್ದೆನಾ?"

"ಇಲ್ಲ ಮೇಡಂ."

"ಮತ್ತೆ ನನಗೆ ಮಾತ್ರ ಯಾಕೆ ಭಿಕ್ಷೆ?" ಎಂದು ಜೋಡಿಸಿದೆ.

ಊರೊಳಗಿನ ನಿಜವಾದ ರಸ್ತೆ. ಸಿಗ್ನಲ್, ಸರಿ. ಬಸ್ ನಿಲ್ದಾಣ, ಗದ್ದ ಭುಜಕ್ಕೆ, ಸರಿ. ಮಕ್ಕಳ ಶಾಲೆಯ ಮುಂದೆ ರಸ್ತೆ ದಾಟುವ ಪಟ್ಟೆ, ಸರಿ. ಮಾರುಕಟ್ಟೆಯ ಉದ್ದಕ್ಕೂ ಬಜರ್ ಉಸಿರೆತ್ತಲಿಲ್ಲ. ಕೊನೆಯ ತಿರುವು. ಬಲಗಡೆ ಒಬ್ಬ ಸೈಕಲ್ ತಿರುಗಿಸುತ್ತಿದ್ದ; ಅವನ ಮೇಲೆ ಕಣ್ಣಿಟ್ಟೆ, ಅವನಿಗೆ ದಾರಿ ಬಿಟ್ಟೆ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ, ಮುಂದೆ ಬಿಟ್ಟೆ.

ಕಿರ್ರ್.

"ಏನಿತ್ತು?" ಎಂದು ಕೇಳಿದೆ, ಅಭ್ಯಾಸಬಲದಿಂದ.

ಕತ್ತು ತಿರುಗಿಸಿದೆ. ತಳ್ಳುಗಾಡಿ. ಗಾಡಿಯ ಮೇಲೆ ಒಂದು ಫ್ರಿಜ್ಜು. ನನಗಿಂತ ಎತ್ತರ, ಹಾಲಿನಷ್ಟು ಬಿಳಿ, ಎರಡು ಬಾಗಿಲಿನದು. ಅದರ ಪಕ್ಕ, ನಮ್ಮ ಬಂಪರಿಗೆ ಒಂದು ಗೇಣು ದೂರದಲ್ಲಿ, ಗಾಡಿಯವನ ಮೊಣಕಾಲು.

ಇಳಿದು ಹೋದೆ. ಅವನು ಬೈಯಲು ಬಾಯಿ ತೆರೆದಿದ್ದ.

"ಕಣ್ಣು ಕಾಣಲ್ವೇನಮ್ಮಾ? ನಾನು ಕಾಣದಿದ್ರೆ ಹೋಗ್ಲಿ, ಇಷ್ಟು ದೊಡ್ಡ ಫ್ರಿಜ್ಜು ಕಾಣಲ್ವಾ?"

"ಕಾಣಲಿಲ್ಲಪ್ಪ" ಎಂದೆ. "ಸುಳ್ಳು ಹೇಳಲ್ಲ. ನೀನೂ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ."

ಅವನು ಬೈಗುಳ ಮರೆತು ನನ್ನ ಮುಖವನ್ನೇ ನೋಡಿದ. ನಾನು ಫ್ರಿಜ್ಜನ್ನು ಮುಟ್ಟಿ ನೋಡಿದೆ. ತಣ್ಣಗಿರಲಿಲ್ಲ, ಬಿಸಿಲಿಗೆ ಕಾದಿತ್ತು. ಇಂಥದ್ದೊಂದು ನನ್ನ ಎದುರು ಇದ್ದೂ ಇಲ್ಲದೆ ಹೋಗಬಹುದು ಎಂಬುದನ್ನು ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ಬೆರಳು ಸುಟ್ಟಾಗ ನಂಬಿದೆ.

ಇನ್ಸ್‌ಪೆಕ್ಟರು ಹಿಂದೆಯೇ ಬಂದರು. "ಮೇಡಂ, ಒಂದೇ ಸಲ ತಾನೆ. ಯಾರಿಗೂ ಏನೂ ಆಗಿಲ್ಲ. ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ."

"ನನಗೆ ಕಾಣಲ್ಲ, ನಿಮಗೆ ಕೇಳಲ್ಲ. ಇಬ್ಬರೂ ಸೇರಿ ಈ ಮನುಷ್ಯನ ಕಾಲು ಮುರಿಯೋಣ ಅಂತೀರಾ? ಬರೀರಿ, ಫೇಲ್."

"ಮೇಡಂ..."

"ಬರೀರಿ ಅಂದೆ. ನನ್ನನ್ನ ಯಾರೂ ಫೇಲ್ ಮಾಡಿಲ್ಲ. ನಾನೇ ಮಾಡ್ತಿದ್ದೀನಿ. ಅದನ್ನೂ ಬರೀರಿ."

ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲವಂತೆ. ಇಲ್ಲಿ ಬರೆದಿದ್ದೇನೆ.

ವಾಪಸು ಬರುವಾಗ ತಂಗಿ ಓಡಿಸಿದಳು. ನಾನು ಹಿಂದೆ ಕೂತೆ. ಸಿಗ್ನಲ್ಲಿನಲ್ಲಿ ಅವಳ ಭುಜ ಕುಲುಕುತ್ತಿತ್ತು.

"ಅಳೋದು ಆಮೇಲೆ" ಎಂದೆ. "ಗದ್ದ."

ತಿರುಗಿಸಿದಳು.

ಜುಲೈ ೨೮, ಮಂಗಳವಾರ

ಮಧ್ಯಾಹ್ನದವರೆಗೆ ನಿದ್ದೆ. ಎದ್ದು ಸ್ವಲ್ಪ ಹೊತ್ತು ಗೋಡೆಗೆ ಬೈದೆ. ಗೋಡೆ ಸುಮ್ಮನಿತ್ತು, ಒಳ್ಳೆಯ ಗೋಡೆ. ಸಂಜೆ ಹೊಟ್ಟೆ ತುಂಬ ಉಂಡೆ.

ಜುಲೈ ೩೧, ಶುಕ್ರವಾರ

ಇವತ್ತು ರುಜು ಹಾಕಿದೆ. ಶಾಲೆಯ ಪರವಾನಗಿ ತಂಗಿಯ ಹೆಸರಿಗೆ. ಪೆನ್ನು ಹಿಡಿದಾಗ ಅವಳೇ ನನ್ನ ಕೈ ತಡೆದಳು.

"ಅಕ್ಕ, ಮನಸಿಲ್ಲದಿದ್ರೆ ಬೇಡ. ಶಾಲೆ ಮುಚ್ಚೋಣ."

"ಮುಚ್ಚೋಕೆ ನಿನ್ನ ಗಂಟೇನು ಹೋಗುತ್ತೆ? ಸರಿ, ಮಾತಾಡೋಣ. ನಾನು ಹಿಂದಿನ ಸೀಟಲ್ಲಿ ಕೂತು ಪಾಠ ಹೇಳ್ತೀನಿ. ನೀನು ಮುಂದೆ ಕೂತು ಬ್ರೇಕ್ ನೋಡ್ಕೋ. ನನ್ನ ಬಾಯಿಗೆ ಬಾಡಿಗೆ ಎಷ್ಟು ಕೊಡ್ತೀಯ?"

"ಅರ್ಧ ಪಾಲು."

"ಅರ್ಧದಲ್ಲಿ ಬದುಕಿ ಸಾಕಾಗಿದೆ. ಮುಕ್ಕಾಲು."

"ಅಕ್ಕಾ!"

"ಸರಿ, ಅರ್ಧ. ಆದರೆ ಜನವರಿಯಲ್ಲಿ ನಾನು ಮತ್ತೆ ಪರೀಕ್ಷೆಗೆ ಕೂರ್ತೀನಿ. ಆಮೇಲೆ ಮುಂದಿನ ಜುಲೈನಲ್ಲಿ. ಪಾಸಾಗೋವರೆಗೂ. ತಡೆದ್ರೆ ಲೋಟ ಎಸೀತೀನಿ."

"ಎಸಿ. ನಿನ್ನ ಗುರಿ ಈಗ ಸುಧಾರಿಸಿದೆ, ಅದೇ ಭಯ" ಎಂದಳು. ಇಬ್ಬರೂ ಬಹಳ ಹೊತ್ತು ನಕ್ಕೆವು. ರುಜು ಸ್ವಲ್ಪ ಸೊಟ್ಟಗಾಯಿತು.

ಅಂತಿಮ ಲೆಕ್ಕ, ಯಾರಿಗೆ ಏನು ಬಂತು:

ಮೇಷ್ಟ್ರಿಗೆ: ಲೈಸೆನ್ಸು.

ಇನ್ಸ್‌ಪೆಕ್ಟರಿಗೆ: ಸುಳ್ಳು ಬರೆಯದ ಒಂದು ಅರ್ಜಿ.

ತಳ್ಳುಗಾಡಿಯವನಿಗೆ: ಕಾಲು, ಎರಡು. ಮೊದಲೂ ಇದ್ದವು, ಆದರೂ ಬರೆಯುತ್ತೇನೆ.

ಮನೆಯವರಿಗೆ: ಕೆಲಸಕ್ಕೆ ಹೋಗುವ ಹೆಂಡತಿ, ಹಗಲು ಹೊತ್ತಿನ ಮೌನ.

ತಂಗಿಗೆ: ಶಾಲೆ. ಅದರ ಜೊತೆಗೆ ನಾನು, ಬಿಡಿಯಾಗಿ ಸಿಗುವುದಿಲ್ಲ.

ನನಗೆ: ಹಿಂದಿನ ಸೀಟು. ಅರ್ಧ ಪಾಲು. ಜನವರಿಯ ಪರೀಕ್ಷೆಗೆ ಅರ್ಜಿ, ಬೆಳಿಗ್ಗೆಯೇ ಹಾಕಿಯಾಗಿದೆ, ರಸೀದಿ ಇದೆ.